ಬಿಚ್ಚಿ ನೋಡದೆ ಬಿಲ್ ಬರೆಯಬೇಡಿ

ಮಾನ್ಯ ಸಂಪಾದಕರೇ,

ನಾಪೋಕ್ಲು ಹತ್ತಿರ ನಮಗೆ ನಾಲ್ಕು ಎಕರೆ ಕಾಫಿ ತೋಟವಿದೆ. ಮನೆಯಲ್ಲಿರುವುದು 2012ರ ಒಂದು ಡೀಸೆಲ್ ಗಾಡಿ, ಓಡಿರುವುದು 1,68,000 ಕಿಲೋಮೀಟರ್. ಕೊಯ್ಲಿಗೆ ಆಳುಗಳನ್ನು ಕರೆತರುವುದು ಅದೇ, ಗೊಬ್ಬರದ ಮೂಟೆ ಹೊರುವುದು ಅದೇ, ರಾತ್ರಿ ಹೊತ್ತು ಅತ್ತೆಗೆ ಉಸಿರು ಕಟ್ಟಿದರೆ ಮಡಿಕೇರಿ ಆಸ್ಪತ್ರೆಗೆ ಓಡುವುದೂ ಅದೇ. ಹಳೆ ಗಾಡಿ ಮಾರಿ ಹೊಸದು ತಗೊಳ್ಳಿ ಎನ್ನುವವರಿಗೆ ನಮ್ಮ ಸೊಸೈಟಿ ಸಾಲದ ಪುಸ್ತಕ ತೋರಿಸಬೇಕು ಅಷ್ಟೆ.

ಕಳೆದ ಮೇ ತಿಂಗಳಲ್ಲಿ ಗಾಡಿ ಪಿಕಪ್ ಕಳೆದುಕೊಂಡಿತು. ಮೇಕೇರಿ ದಾಟಿ ಮಡಿಕೇರಿ ಏರು ಹತ್ತುವಾಗ ಎರಡನೇ ಗೇರಿನಲ್ಲೂ ಏದುಸಿರು, ಹಿಂದೆ ಕಪ್ಪು ಹೊಗೆ. ಮಳೆ ಹಿಡಿಯುವ ಮೊದಲು ಸರಿ ಮಾಡಿಸೋಣ ಎಂದು ಮಗನ ಜೊತೆ ಮೈಸೂರಿಗೆ, ಕಂಪನಿ ಸರ್ವಿಸ್ ಸೆಂಟರಿಗೆ ಹೋದೆ. ಹೋಗಿ ಬರಲು ಸುಮಾರು 250 ಕಿಲೋಮೀಟರ್. ಕಂಪನಿಯ ಹೆಸರು ಇಲ್ಲಿ ಬೇಡ. ಬೇರೆ ಕಂಪನಿ ಗಾಡಿ ಇಟ್ಟುಕೊಂಡವರೂ ನನಗೆ ಇದೇ ಕಥೆ ಹೇಳಿದ್ದಾರೆ.

ಅಲ್ಲಿ ಗಾಜಿನ ಕೋಣೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಕಾಫಿ ಬೆಳೆಯುವವಳು ನಾನು, ಅದರ ಬಗ್ಗೆ ಏನೂ ಹೇಳುವುದಿಲ್ಲ. ಒಂದು ಗಂಟೆಯ ಮೇಲೆ ಟೈ ಕಟ್ಟಿದ ಹುಡುಗ ಟ್ಯಾಬ್ ಹಿಡಿದು ಬಂದ. "ಮೇಡಂ, ಟರ್ಬೋ ಹೋಗಿದೆ. ಪೂರ್ತಿ ಅಸೆಂಬ್ಲಿ ಬದಲಾಯಿಸಬೇಕು" ಎಂದ. ಟರ್ಬೋ ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತಳ್ಳುವ ಸಾಧನ. ಎಸ್ಟಿಮೇಟ್ ಹೀಗಿತ್ತು: ಟರ್ಬೋ 54,800, ಲೇಬರ್ 6,500, ಆಯಿಲ್, ಫಿಲ್ಟರ್, ಗ್ಯಾಸ್ಕೆಟ್ ಸೇರಿ 5,900. ಜೊತೆಗೆ ಎಂಜಿನ್ ಒಳಗಿನ ಕ್ಲೀನಿಂಗ್ 2,900, ಎಸಿ ಕ್ಲೀನಿಂಗ್ 1,200. ಒಟ್ಟು 71,300 ರೂಪಾಯಿ. ನಾಪೋಕ್ಲಿನ ಮಳೆಯಲ್ಲಿ ನಮಗೆ ಎಸಿ ಯಾಕಪ್ಪಾ ಎಂದು ಕೇಳಿದೆ. ಹುಡುಗ ನಕ್ಕ, ಆದರೆ ಆ ಸಾಲು ಹೊಡೆದು ಹಾಕಲಿಲ್ಲ.

"ಟರ್ಬೋ ಬಿಚ್ಚಿ ನೋಡಿದಿರಾ?" ಎಂದು ಮಗ ಕೇಳಿದ. ಬಿಚ್ಚಲು ಬೇರೆ ಚಾರ್ಜ್ ಆಗುತ್ತದಂತೆ. ಸ್ಕ್ಯಾನರ್ ಹಾಕಿದ್ದಾರೆ, ಟರ್ಬೋ ಪ್ರೆಶರ್ ಕಡಿಮೆ ಅಂತ ಬಂದಿದೆ, ಅಲ್ಲಿಗೆ ಮುಗಿಯಿತು. ನಮಗೆ ಧೈರ್ಯ ಬರಲಿಲ್ಲ, ಗಾಡಿ ವಾಪಸ್ ತಂದೆವು. ನೋಡಿದ್ದಕ್ಕೆ ಸಾವಿರ, ಅದರ ಮೇಲೆ 180 ಜಿಎಸ್‌ಟಿ ಕಟ್ಟಿಸಿಕೊಂಡರು.

ಮಾರನೇ ದಿನ ಮೂರ್ನಾಡಿನ ಒಂದು ಶೆಡ್ಡಿಗೆ ಹೋದೆವು. ಅಲ್ಲಿನ ಮೆಕ್ಯಾನಿಕ್ ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ ಕೈ ಒಳಗೆ ಹಾಕಿ, ಟರ್ಬೋದಿಂದ ಹೊರಟು, ಗಾಳಿ ತಣಿಸುವ ಇಂಟರ್‌ಕೂಲರ್ ಕಡೆ ಹೋಗುವ ದಪ್ಪ ಕಪ್ಪು ಹೋಸಿನ ಅಡಿಭಾಗ ಸವರಿದರು. ಬೆರಳಿಗೆ ಆಯಿಲ್ ಹತ್ತಿತು. ಮಗನಿಗೆ ಆಕ್ಸಿಲರೇಟರ್ ಒತ್ತಲು ಹೇಳಿದರು. ಒತ್ತಿದ ಕೂಡಲೇ ಉಸ್ಸೆಂದು ಸದ್ದು. ಹೋಸ್ ಬಿಚ್ಚಿ ಹಿಂಡಿ ತೋರಿಸಿದರು. ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ತೋರುಬೆರಳು ಉದ್ದಕ್ಕೆ ಸೀಳಿತ್ತು. ಹಿಂಡಿದರೆ ಬಾಯಿ ಬಿಡುತ್ತಿತ್ತು, ಬಿಟ್ಟರೆ ಗೆರೆಯೂ ಕಾಣುತ್ತಿರಲಿಲ್ಲ. ಟರ್ಬೋ ಒಳಗಿನ ಚಕ್ರವನ್ನೂ ಬೆರಳಲ್ಲಿ ಅಲ್ಲಾಡಿಸಿ ನೋಡಿದರು. ಸಡಿಲ ಇಲ್ಲ, ಚೆನ್ನಾಗಿದೆ ಎಂದರು.

"ಅಕ್ಕ, ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಪೈಪ್ ಒಡೆದರೆ ಪಂಪನ್ನೇ ಗುಜರಿಗೆ ಹಾಕ್ತೀರಾ?"

ಇಷ್ಟು ಹೇಳಿದರೆ ನನಗೆ ಸಾಕಿತ್ತು. ಟರ್ಬೋ ತಳ್ಳುವ ಗಾಳಿ ಎಂಜಿನ್ ಮುಟ್ಟುವ ಮೊದಲೇ ಸೋರುತ್ತಿದೆ. ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿಯುತ್ತದೆ, ಅದೇ ಕಪ್ಪು ಹೊಗೆ. ಮೀಟರಿನಲ್ಲಿ ಪ್ರೆಶರ್ ಕಡಿಮೆ ಬಂದದ್ದು ಸುಳ್ಳಲ್ಲ. ಯಾಕೆ ಕಡಿಮೆ ಬಂತು ಎಂದು ಯಾರೂ ಬಗ್ಗಿ ನೋಡಲಿಲ್ಲ, ಅಷ್ಟೇ.

ಹೋಸ್ ಸಿಗುವುದು ಇನ್ನೊಂದು ಪಾಡಾಯಿತು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, "ಗಾಡಿ ತನ್ನಿ, ಹಾಕಿ ಕೊಡ್ತೇವೆ, ಬರೀ ಪಾರ್ಟ್ ಕೊಡಲ್ಲ" ಎಂದರು. ಬಿಡಿಭಾಗ ಹೊರಗೆ ಸಿಗದಂತೆ ಮಾಡುತ್ತಾರೆ ಎಂದೇ, ಮಾರುಕಟ್ಟೆಯಲ್ಲಿ ಪೈಪೋಟಿ ಕಾಯುವ ಭಾರತ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಅದು ಮೇಲ್ಮನವಿಗೆ ಹೋಯಿತು. ಇಷ್ಟು ವರ್ಷವಾದ ಮೇಲೂ ಕೌಂಟರಿನಲ್ಲಿ ನನಗೆ ಸಿಕ್ಕ ಉತ್ತರ ಇದು. ಕೊನೆಗೆ ಮೆಕ್ಯಾನಿಕ್ಕೇ ಮೈಸೂರಿನ ಬಿಡಿಭಾಗದ ಅಂಗಡಿಯಿಂದ ಬಸ್ಸಿನಲ್ಲಿ ಪಾರ್ಸೆಲ್ ತರಿಸಿದರು. ಹೋಸ್ 1,450, ಕೂಲಿ 400. ಈ ಮಳೆಗಾಲ ಪೂರ್ತಿ ಗಾಡಿ ಅದೇ ಏರನ್ನು ಮೂರನೇ ಗೇರಿನಲ್ಲಿ ಹತ್ತಿದೆ.

ಶೆಡ್ಡಿನವರೆಲ್ಲ ದೇವರು, ಕಂಪನಿಯವರೆಲ್ಲ ಕಳ್ಳರು ಎಂದು ನಾನು ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ಇನ್ನೊಂದು ಶೆಡ್ಡಿನಲ್ಲಿ ಡೂಪ್ಲಿಕೇಟ್ ಬ್ರೇಕ್ ಪ್ಯಾಡ್ ಹಾಕಿದ್ದರು. ನಾಲ್ಕೇ ಸಾವಿರ ಕಿಲೋಮೀಟರಿಗೆ ಸವೆದು ಕಿರುಗುಟ್ಟಿತು. ಬಿಲ್ ಇರಲಿಲ್ಲ, ಕೇಳುವಂತೆಯೂ ಇರಲಿಲ್ಲ. ಅದಕ್ಕೂ ಮೊದಲು ಕಂಪನಿಯಲ್ಲೇ ಮಾಡಿಸಿದ ಕ್ಲಚ್ ಕೆಲಸ ಇವತ್ತಿಗೂ ಗಟ್ಟಿಯಾಗಿದೆ. ಆ ಟೈ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳಿಗೆ ಇಷ್ಟು ಬಿಲ್ ಆಗಬೇಕು ಎಂದು ಅವನ ತಲೆಯ ಮೇಲೂ ಯಾರಾದರೂ ಕೂತಿರಬಹುದು.

ಆದರೆ ನಮ್ಮ ಪಕ್ಕದ ತೋಟದವರಿಗೆ ಇಂಥದ್ದೇ ಒಂದು ಎಸ್ಟಿಮೇಟ್ ಬಂದಾಗ ಅವರು ಹೆದರಿ ಗಾಡಿಯನ್ನೇ ಸಿಕ್ಕಿದ ರೇಟಿಗೆ ಕೊಟ್ಟುಬಿಟ್ಟರು. ಈಗ ಬಸ್ಸಿಗೆ ಕಾಯುತ್ತಾರೆ. ಆ ಗಾಡಿಯಲ್ಲಿ ನಿಜವಾಗಿ ಏನು ಹೋಗಿತ್ತೋ ಇನ್ನು ಯಾರಿಗೂ ತಿಳಿಯುವುದಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ನಾನು ಕೇಳುವುದು ಜಾಸ್ತಿ ಏನಲ್ಲ. ಐವತ್ತು ಸಾವಿರದ ಪಾರ್ಟ್ ಬದಲಾಯಿಸಿ ಎನ್ನುವ ಮೊದಲು ಏನೇನು ಪರೀಕ್ಷೆ ಮಾಡಿದಿರಿ ಎಂದು ಎಸ್ಟಿಮೇಟಿನಲ್ಲೇ ಬರೆದು ಕೊಡಲಿ. ನನ್ನನ್ನು ಗಾಡಿಯ ಹತ್ತಿರ ಕರೆದು ಕೆಟ್ಟದ್ದನ್ನು ತೋರಿಸಲಿ. ಬಿಚ್ಚಿದ ಹಳೆ ಸಾಮಾನು ನನ್ನ ಡಿಕ್ಕಿಯಲ್ಲಿ ಹಾಕಿ ಕಳಿಸಲಿ. ಇದನ್ನು ಕಡ್ಡಾಯ ಮಾಡಲು ಸರ್ಕಾರಕ್ಕೆ ಕಷ್ಟ ಏನಿದೆ?

ಮೋಸ ಹೋದವರು ಕೇಸಿಗೆ ಮೈಸೂರಿಗೆ ಅಲೆಯಬೇಕು ಎಂದು ಸುಮ್ಮನಾಗುತ್ತಾರೆ. ಹಾಗೇನೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗೆ ಮಡಿಕೇರಿಯಲ್ಲೇ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಮೊದಲು ಫೋನಿನಲ್ಲಿ ಕೇಳಿ ನೋಡುವುದಾದರೆ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ ಮಾತ್ರ ಕೈಯಲ್ಲಿರಬೇಕು, ಶೆಡ್ಡಿನಲ್ಲಾದರೂ ಸರಿ, ಕೇಳಿ ಪಡೆಯಿರಿ.

ಸೀಳಿದ ಹೋಸನ್ನು ನಾನು ಎಸೆದಿಲ್ಲ. ಸೌದೆ ಕೊಟ್ಟಿಗೆಯ ಮೊಳೆಗೆ ನೇತು ಹಾಕಿದ್ದೇನೆ. ಅದರ ಪಕ್ಕದಲ್ಲೇ ಪ್ಲಾಸ್ಟಿಕ್ ಕವರಿನಲ್ಲಿ 71,300ರ ಎಸ್ಟಿಮೇಟ್ ಇದೆ. ಗಾಡಿ ಮಾರಲು ಹೊರಟವರು ಯಾರಾದರೂ ಮನೆಗೆ ಬಂದರೆ ಎರಡನ್ನೂ ತೋರಿಸಿ ಕಳಿಸುತ್ತೇನೆ.

ಇಂತಿ,
ಕಾಫಿ ಬೆಳೆಗಾರ್ತಿ, ನಾಪೋಕ್ಲು