ಪದವಿಯ ನಂತರದ ಆರು ತಿಂಗಳು

ಮಾನ್ಯರೆ,

ಯುವನಿಧಿ ಯೋಜನೆಯಡಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ದೊರೆಯುತ್ತದೆಯಾದರೂ, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದವರಷ್ಟೇ ಅದಕ್ಕೆ ಅರ್ಹರು. ಆದರೆ ಸ್ವಂತ ಕಾಲ ಮೇಲೆ ನಿಲ್ಲಲು ಹೊರಟವರಿಗೆ ಕೈ ಬಿಗಿಯಾಗುವುದು ಆ ಆರು ತಿಂಗಳಲ್ಲೇ. ಕೆಲಸ ಅರಸಿ ಬೆಂಗಳೂರಿಗೆ ಬರುವ ಹಳ್ಳಿಯ ಹುಡುಗ ಮೊದಲ ಸಂದರ್ಶನಕ್ಕೂ ಮುಂಚೆಯೇ ಪಿ.ಜಿ.ಯ ಮುಂಗಡ, ಬಾಡಿಗೆ, ಬಸ್ ಪಾಸಿನ ಹಣ ಹೊಂದಿಸಬೇಕು. ಸಂಬಳ ಕಾಣುವುದು ಕೆಲಸಕ್ಕೆ ಸೇರಿ ತಿಂಗಳು ತುಂಬಿದ ಮೇಲೆ. (ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚಾದರೂ ಉಳಿಯುತ್ತದೆ.)

ಈ ಅವಧಿಗೆ ಒದಗಬಲ್ಲ ಅಪ್ರೆಂಟಿಸ್‌ಶಿಪ್ ಬಗ್ಗೆ ನಮ್ಮ ಪದವಿ ಕಾಲೇಜುಗಳಲ್ಲಿ ಮಾತೇ ಇಲ್ಲವೆನ್ನಬೇಕು. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಬಳಿಕ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಓದಿದವರೂ ಶಿಷ್ಯವೇತನ ಪಡೆದು ತರಬೇತಿಗೆ ಸೇರಬಹುದು; ಅದು ಎಂಜಿನಿಯರಿಂಗ್ ಮತ್ತು ಐಟಿಐನವರಿಗೆ ಮಾತ್ರ ಎಂಬ ಭಾವನೆ ಅಧ್ಯಾಪಕರಲ್ಲೂ ಉಳಿದಿದೆ.

ಆದ್ದರಿಂದ ಕಾಲೇಜುಗಳ ಉದ್ಯೋಗ ಮಾರ್ಗದರ್ಶನ ಘಟಕಗಳು ಐದನೇ ಸೆಮಿಸ್ಟರ್‌ನಲ್ಲೇ ವಿದ್ಯಾರ್ಥಿಗಳಿಗೆ ಇದರ ಮಾಹಿತಿ ನೀಡಲಿ. ವಿಶ್ವವಿದ್ಯಾಲಯಗಳು ಫಲಿತಾಂಶದ ಬೆನ್ನಿಗೇ ಅಂಕಪಟ್ಟಿ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರ ಕೊಡಲು ಉನ್ನತ ಶಿಕ್ಷಣ ಇಲಾಖೆ ಕಾಲಮಿತಿ ನಿಗದಿಪಡಿಸಲಿ.

— ನಿವೃತ್ತ ಉಪನ್ಯಾಸಕಿ, ಹಾಸನ