ಬೊಗೊಟಾದ ಮಳೆ, ಬಿಸಿ ಬಿಸಿ ಬೆಲ್ಲದ ನೀರು

ಬೊಗೊಟಾ
ಭಾನುವಾರ ರಾತ್ರಿ

ಪ್ರೀತಿಯ ಅವ್ವನಿಗೆ,

ನಾನು ಚೆನ್ನಾಗಿದ್ದೇನೆ. ಅಪ್ಪ, ಅಜ್ಜಿ ಹೇಗಿದ್ದಾರೆ? ಫೋನಿನಲ್ಲಿ ಊಟ ಆಯ್ತಾ ಅನ್ನುವಷ್ಟರಲ್ಲೇ ಮಾತು ಮುಗಿದುಹೋಗುತ್ತದೆ. ಇವತ್ತಿನದನ್ನು ನಿಧಾನವಾಗಿ ಹೇಳಬೇಕು ಅನ್ನಿಸಿತು, ಅದಕ್ಕೇ ಈ ಕಾಗದ.

ಕೊಲಂಬಿಯಾದ ಈ ರಾಜಧಾನಿ 2,640 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯೇ 1,930. ವರ್ಷವಿಡೀ ಸ್ವೆಟರ್ ಬೇಕು. ಮೊನ್ಸೆರಾತೆ ಬೆಟ್ಟ ಹತ್ತಿ ಊರು ನೋಡೋಣ ಅಂತಿದ್ದೆ. ಬೆಳಿಗ್ಗೆ ಕಿಟಕಿ ತೆಗೆದರೆ ಮೋಡ ಮುಚ್ಚಿ ಬೆಟ್ಟವೇ ಕಾಣಲಿಲ್ಲ. ಕೇಬಲ್ ಕಾರಿನ ದುಡ್ಡು ಉಳಿಯಿತು. ತಿಂಗಳ ಕೊನೆ, ಅದೂ ಒಳ್ಳೆಯದೇ ಆಯಿತು.

ಇಲ್ಲಿ ಭಾನುವಾರ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ದೊಡ್ಡ ದೊಡ್ಡ ರಸ್ತೆಗಳಿಗೆ ಕಾರು, ಬಸ್ಸು ಬಿಡುವುದಿಲ್ಲ. ಸೈಕಲ್ಲಿನವರಿಗೆ, ನಡೆಯುವವರಿಗೆ ಮಾತ್ರ. 1974ರಿಂದ ನಡೆದು ಬಂದಿದೆಯಂತೆ. ನಾನೂ ನಡುರಸ್ತೆಯಲ್ಲೇ ನಡೆದುಕೊಂಡು ಹೋದೆ. ಅರ್ಧ ದಾರಿಯಲ್ಲಿ ಮಳೆ ಸುರಿಯತೊಡಗಿತು. ಎಲ್ಲಿದ್ದರೋ ಏನೋ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೊಡೆ ಮಾರುವವರು ಬಂದುಬಿಟ್ಟರು.

ಭಾನುವಾರ ಚಿನ್ನದ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಒಳಗೆ ಒಂದು ಪುಟ್ಟ ತೆಪ್ಪ ಇದೆ ಅವ್ವ, ಚಿನ್ನದ್ದು. ಒಂದು ಗೇಣೂ ಉದ್ದ ಇಲ್ಲ. ನಡುವೆ ದೊರೆ ನಿಂತಿದ್ದಾನೆ, ಸುತ್ತ ಅವನ ಜನ. ಹಿಂದೆ ಇಲ್ಲಿದ್ದ ಮುಯಿಸ್ಕಾ ಜನ ಮಾಡಿದ್ದು. 1969ರಲ್ಲಿ ಪಾಸ್ಕಾ ಅನ್ನುವ ಊರಿನ ಹತ್ತಿರ ಒಂದು ಗವಿಯೊಳಗೆ, ಮಣ್ಣಿನ ಮಡಕೆಯಲ್ಲಿ ಸಿಕ್ಕಿತಂತೆ. ಸಿಕ್ಕಿದ್ದು ರೈತರಿಗೆ! ಅಪ್ಪನಿಗೆ ತಪ್ಪದೆ ಹೇಳು. ಆಮೇಲೆ ಬೊಟೆರೊ ಮ್ಯೂಸಿಯಂ. ಅದು ಯಾವತ್ತೂ ಉಚಿತ. ಹಣ್ಣು, ಕುದುರೆ, ಹೆಂಗಸು, ಗಂಡಸು, ಏನು ಬರೆದರೂ ದುಂಡು ದುಂಡಗೆ ಬರೆದ ಕಲಾವಿದ. ತನ್ನ 123 ಕೃತಿಗಳನ್ನು ದೇಶಕ್ಕೇ ಕೊಟ್ಟುಬಿಟ್ಟಿದ್ದಾನೆ.

ಆದರೆ ನಾನು ಬರೆಯಲು ಕೂತಿದ್ದು ಇದಕ್ಕಲ್ಲ.

ಹೊರಗೆ ಬಂದಾಗ ಮೂರು ಗಂಟೆ. ಶೂ ಒದ್ದೆ, ಹಸಿವು ಬೇರೆ. ಕಾಂದೆಲಾರಿಯಾ ಅನ್ನುವ ಹಳೇ ಬಡಾವಣೆಯ ಓಣಿಯಲ್ಲಿ ನಾಲ್ಕೇ ಮೇಜಿನ ಒಂದು ಪುಟ್ಟ ಹೋಟೆಲಿಗೆ ನುಗ್ಗಿದೆ. ಅಲ್ಲಿದ್ದ ಅಜ್ಜಿ 'ಸುಮೆರ್ಸೆ' ಅಂತ ಕರೆದು ಕೂರಿಸಿದರು. ಪ್ರೀತಿ, ಮರ್ಯಾದೆ ಎರಡೂ ಇರುವ ಮಾತು ಅದು, ಈ ಕಡೆಯವರದ್ದೇ. ಎಲ್ಲಕ್ಕಿಂತ ಕಡಿಮೆ ಬೆಲೆಗೆ ಇದ್ದದ್ದು ಅಗ್ವಾಪನೇಲಾ. ಅದನ್ನೇ ಹೇಳಿದೆ. ಆ ಅಜ್ಜಿ ಒಂದು ಕಂದು ಅಚ್ಚು ತೆಗೆದು ಕಲ್ಲಿನಿಂದ ಕುಟ್ಟಿ ಒಡೆದರು. ಕುದಿಯುವ ನೀರಿಗೆ ಹಾಕಿದರು ನೋಡು, ಆ ಘಮ ಬಂತು.

ಅವ್ವ, ಅದು ಬೆಲ್ಲ! ನಮ್ಮ ಆಲೆಮನೆಯ ಕೊಪ್ಪರಿಗೆ ಇಳಿಸುವಾಗ ಬರುತ್ತದಲ್ವಾ, ಅದೇ ವಾಸನೆ. ನನಗೆ ಗಂಟಲು ಕಟ್ಟಿತು.

ಜೊತೆಗೆ ಒಂದು ತುಂಡು ಬಿಳಿ ಚೀಸ್ ಕೊಟ್ಟರು. ಚಿಕ್ಕ ಚಿಕ್ಕದಾಗಿ ಮುರಿದು ಲೋಟಕ್ಕೇ ಹಾಕಬೇಕು. ಬಿಸಿಗೆ ಮೆತ್ತಗಾಗಿ, ಚಮಚದಲ್ಲಿ ಎತ್ತಿದರೆ ನೂಲಿನ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಸಿಹಿ, ಉಪ್ಪು ಎರಡೂ ಒಟ್ಟಿಗೆ. ನೀನು ಹಾಕುವ ಶುಂಠಿ ಒಂದು ಇರಲಿಲ್ಲ, ಅಷ್ಟೇ.

ಬೊಗೊಟಾದ ಚಳಿಗೆ ಕಬ್ಬು ಬೆಳೆಯುವುದಿಲ್ಲ. ಕೆಳಗೆ ಸೆಕೆ ಇರುವ ವಿಯೇತಾ ಕಡೆಯಿಂದ ಬೆಲ್ಲ ಬರುತ್ತದೆ. ಅಲ್ಲೂ ಆಲೆಮನೆಗಳಿವೆ, 'ತ್ರಾಪಿಚೆ' ಅನ್ನುತ್ತಾರೆ. ಬೆಲ್ಲ ಮಾಡುವುದರಲ್ಲಿ ಇಂಡಿಯಾ ಬಿಟ್ಟರೆ ಇವರೇ ಅಂತೆ. ನಮ್ಮ ಮನೆಯಲ್ಲೂ ಕಬ್ಬು ಬೆಳೆಯುತ್ತೇವೆ ಅಂತ ಫೋಟೊ ತೋರಿಸಿದೆ. ಅಜ್ಜಿ ಅಪ್ಪನ ಗದ್ದೆಯನ್ನು ತುಂಬಾ ಹೊತ್ತು ನೋಡಿದರು. ಇನ್ನೊಂದು ಲೋಟ ತಂದಿಟ್ಟರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಬರುವಾಗ ಒಂದು ಅಚ್ಚು ಕೊಂಡೆ. ಊರಿಗೆ ಬರುವವರೆಗೂ ಒಡೆಯದೆ ಇಟ್ಟಿರುತ್ತೇನೆ. ಬಣ್ಣ ಕಪ್ಪಗಿದೆ. ಬೆಲ್ಲದ ಬಣ್ಣ ತಿಳಿಯಾಗಲಿ ಅಂತ ಹಾಕುವ ಹೈಡ್ರೋಸ್ ಪುಡಿ ಹಾಕಿದ್ದಾರೋ ಇಲ್ಲವೋ ಅಂತ ಅಪ್ಪನೇ ಮುರಿದು ನೋಡಿ ಹೇಳಲಿ.

ನಿನ್ನ ಮಗಳು