ಮಗಳಿಗೊಂದು ಪತ್ರ: ಮಿಲಿಮೀಟರ್ ದಾಟಿದ ಮೇಲೆ

ಪುಟ್ಟೀ,

ಉದ್ದದ ಮಾನಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಲೆಕ್ಕದ ಬಗ್ಗೆ ನೀನು ಕಳಿಸಿದ ನೋಟ್ಸಿನ ಫೋಟೋ ನೋಡಿದೆ. ಹತ್ತರ ಘಾತಗಳನ್ನೆಲ್ಲ ಫೋನಿನಲ್ಲಿ ಹೇಳಿದರೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ಬಹುತೇಕ ಸರಿ ಇದೆ. ಒಂದು ಕಡೆ ಮಾತ್ರ 0.45 ಮಿಲಿಮೀಟರ್ ಅಂದರೆ 4.5 ಮೈಕ್ರೋಮೀಟರ್ ಅಂತ ಬರೆದಿದ್ದೀಯ. ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಚಿಕ್ಕ ಕ್ಲಾಸಿನಲ್ಲಿ ಕಿಲೋ, ಹೆಕ್ಟೋ, ಡೆಕಾ, ಮೀಟರ್, ಡೆಸಿ, ಸೆಂಟಿ, ಮಿಲಿ ಅಂತ ಬಾಯಿಪಾಠ ಮಾಡಿಸಿದ್ದರಲ್ಲ, ಅಲ್ಲಿ ಒಂದರಿಂದ ಇನ್ನೊಂದಕ್ಕೆ ಹತ್ತು ಪಟ್ಟು. ಮಿಲಿ ಆದ ಮೇಲೆ ಹಾಗಿಲ್ಲ. ಒಂದು ಮಿಲಿಮೀಟರ್‌ಗೆ 1000 ಮೈಕ್ರೋಮೀಟರ್, ಒಂದು ಮೈಕ್ರೋಮೀಟರ್‌ಗೆ 1000 ನ್ಯಾನೋಮೀಟರ್. ಆ ಕಡೆ ಕಿಲೋ ಆದ ಮೇಲೂ ಅಷ್ಟೇ, ಮೆಗಾ, ಗಿಗಾ ಎಲ್ಲ ಸಾವಿರದ ಲೆಕ್ಕವೇ. ಹಾಗಾಗಿ ನಿನ್ನ ಉತ್ತರ 450 ಆಗಬೇಕಿತ್ತು.

ಪುಸ್ತಕದಲ್ಲಿರುವ ಮಾನ ಬದಲಾವಣೆಯ ಆ ಪಟ್ಟಿಯನ್ನು ಸುಮ್ನೆ ಉರು ಹೊಡೆಯಬೇಡ. ಬೆಂಗಳೂರಿನಲ್ಲಿ ನೇರ ಬಸ್ ಗೊತ್ತಿಲ್ಲದಿದ್ದರೆ ಮೆಜೆಸ್ಟಿಕ್‌ಗೆ ಬಂದು ಬಸ್ ಬದಲಾಯಿಸುತ್ತೇವಲ್ಲ, ಹಾಗೆ ಯಾವ ಅಳತೆಯಿದ್ದರೂ ಮೊದಲು ಮೀಟರ್‌ಗೆ ಬಾ. ನ್ಯಾನೋ ಇದ್ದರೆ 10⁻⁹, ಮೈಕ್ರೋ ಇದ್ದರೆ 10⁻⁶, ಮಿಲಿ ಇದ್ದರೆ 10⁻³ ರಿಂದ ಗುಣಿಸು. ಅಲ್ಲಿಂದ ಕಿಲೋಮೀಟರ್‌ಗೆ ಹೋಗಬೇಕಾದರೆ 1000ದಿಂದ ಭಾಗಿಸು. ಎರಡು ಹೆಜ್ಜೆ, ಅಷ್ಟೇ. ಉತ್ತರ ಬಂದ ಮೇಲೆ ಒಮ್ಮೆ ನೋಡು: ಮಾನ ಚಿಕ್ಕದಾದರೆ ಸಂಖ್ಯೆ ದೊಡ್ಡದಾಗಲೇಬೇಕು. ಕಿಲೋಮೀಟರ್‌ನಿಂದ ನ್ಯಾನೋಮೀಟರ್‌ಗೆ ಬಂದಾಗ ಸಂಖ್ಯೆ ಚಿಕ್ಕದಾಗಿದ್ದರೆ ಗುಣಿಸೋ ಕಡೆ ಭಾಗಿಸಿದ್ದೀಯ ಅಂತಲೇ ಅರ್ಥ.

ಸೊನ್ನೆಗಳ ವಿಷಯದಲ್ಲೂ ಒಂದು ಮಾತು. ನಾವು ಎಣಿಸುವುದು ಲಕ್ಷ, ಕೋಟಿಯಲ್ಲಿ. ಈ ಮಾನಗಳು ಹೋಗುವುದು ಸಾವಿರ ಸಾವಿರವಾಗಿ. ಒಂದು ಕಿಲೋಮೀಟರ್‌ಗೆ ಒಂದು ಲಕ್ಷ ಕೋಟಿ ನ್ಯಾನೋಮೀಟರ್, ಹೇಳೋಕೆ ಚೆನ್ನಾಗಿದೆ. ಬರೆಯುವಾಗ ನಮ್ಮ ಅಭ್ಯಾಸದಂತೆ ಅಲ್ಪವಿರಾಮ ಹಾಕುತ್ತಾ ಹೋದರೆ ಎಲ್ಲೋ ಒಂದು ಸೊನ್ನೆ ತಪ್ಪಿಹೋಗುತ್ತದೆ. 10¹² ಅಂತ ಬರೆದುಬಿಡು, ತಲೆನೋವಿಲ್ಲ.

ಹಾಸ್ಟೆಲ್‌ನಲ್ಲೇ ಮಾಡಿ ನೋಡಬಹುದಾದದ್ದು ಒಂದಿದೆ. ಜೆರಾಕ್ಸ್ ಅಂಗಡಿಯಲ್ಲಿ 500 ಹಾಳೆಯ ಕಟ್ಟು ಸಿಗುತ್ತದಲ್ಲ, ಅದರ ದಪ್ಪಕ್ಕೆ ಸ್ಕೇಲ್ ಹಿಡಿ. ಸುಮಾರು 5 ಸೆಂಟಿಮೀಟರ್ ಇರುತ್ತದೆ. 50 ಮಿಲಿಮೀಟರನ್ನು 500ರಿಂದ ಭಾಗಿಸಿದರೆ ಒಂದು ಹಾಳೆಗೆ 0.1 ಮಿಲಿಮೀಟರ್, ಅಂದರೆ 100 ಮೈಕ್ರೋಮೀಟರ್. ಕಿಲೋಮೀಟರ್‌ನಲ್ಲಿ ಹೇಳಿದರೆ 10⁻⁷. ಒಂದು ಕೋಟಿ ಹಾಳೆ ಪೇರಿಸಿದರೆ ಒಂದು ಕಿಲೋಮೀಟರ್ ಎತ್ತರ.

ನಮ್ಮ ಕಾರ್ಖಾನೆಯಲ್ಲಿ ಪೀಸ್‌ಗಳನ್ನು ಅಳೆದು ನೋಡುವ ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಆ 100 ಮೈಕ್ರಾನ್ ಅಂದರೆ ಭಾರೀ ದೊಡ್ಡದು. (ಮೈಕ್ರೋಮೀಟರ್‌ಗೆ ಇಲ್ಲಿ ಎಲ್ಲರೂ ಮೈಕ್ರಾನ್ ಅಂತಲೇ ಅನ್ನುವುದು.) ಡ್ರಾಯಿಂಗ್‌ನಲ್ಲಿ 25 h6 ಅಂತ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಗುರುತು) ಇದ್ದರೆ ಶಾಫ್ಟ್ 25.000ಕ್ಕಿಂತ ಜಾಸ್ತಿ ಇರಬಾರದು, 24.987 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಇರುವ ಜಾಗ ಬರೀ 13 ಮೈಕ್ರಾನ್. ನಿಮ್ಮ ಲ್ಯಾಬಿನ ಸ್ಕ್ರೂ ಗೇಜ್‌ನ ಲೀಸ್ಟ್ ಕೌಂಟ್ (ಅದು ತೋರಿಸಬಲ್ಲ ಅತಿ ಚಿಕ್ಕ ಅಳತೆ) 0.01 ಮಿಲಿಮೀಟರ್, ಅಂದರೆ 10 ಮೈಕ್ರಾನ್. ಅದರಲ್ಲಿ ಇದನ್ನು ನೋಡೋಕಾಗಲ್ಲ. 0.001 ಮಿಲಿಮೀಟರ್ ತೋರಿಸುವ ಮೈಕ್ರೋಮೀಟರ್ ಬೇಕು (ಇಲ್ಲಿ ಅದು ಉಪಕರಣದ ಹೆಸರು, ಮಾನವಲ್ಲ). ಗ್ರೈಂಡಿಂಗ್‌ನಿಂದ ಆಗಷ್ಟೇ ಬಂದ ಬಿಸಿ ಪೀಸನ್ನೂ ನಾವು ಅಳೆಯುವುದಿಲ್ಲ. 10 ಡಿಗ್ರಿ ಬಿಸಿ ಜಾಸ್ತಿ ಇದ್ದರೆ ಆ ಉಕ್ಕು ಸುಮಾರು 3 ಮೈಕ್ರಾನ್ ಹಿಗ್ಗಿರುತ್ತದೆ. ಇರುವ ಹದಿಮೂರರಲ್ಲಿ ಮೂರು ಅಲ್ಲೇ ಹೋಯಿತು. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಅಂತ ಜಗತ್ತೆಲ್ಲ ಒಪ್ಪಿಕೊಂಡಿರುವುದು ಇದಕ್ಕೇ.

"ಕಿಲೋಮೀಟರನ್ನು ನ್ಯಾನೋಮೀಟರ್ ಮಾಡಿ ಯಾರಿಗೇನು ಆಗಬೇಕು?" ಅಂತ ಕೊನೆಯಲ್ಲಿ ಬರೆದಿದ್ದೀಯ. ಕೇಳಬೇಕಾದ ಪ್ರಶ್ನೆಯೇ. ಇಂಟರ್ನೆಟ್ ಬರುವ ಫೈಬರ್ ಕೇಬಲ್ ತೆಗೆದುಕೋ. ದೂರದ ಲೈನ್‌ಗಳಲ್ಲಿ ಓಡುವ ಬೆಳಕಿನ ತರಂಗಾಂತರ ಸಾಮಾನ್ಯವಾಗಿ 1550 ನ್ಯಾನೋಮೀಟರ್. ಅದು ಓಡುವ ಗಾಜಿನ ತಿರುಳು ಸುಮಾರು 9 ಮೈಕ್ರೋಮೀಟರ್. ಕೇಬಲ್ ಎಳೆಯುವುದು ಕಿಲೋಮೀಟರ್‌ಗಟ್ಟಲೆ. ಒಂದೇ ವಸ್ತುವಿನಲ್ಲಿ ಮೂರು ಮಾನ! ಅವು ಬೇರೆ ಬೇರೆ ಮಾನದಲ್ಲಿ ಇರುವತನಕ ಯಾವುದು ಎಷ್ಟು ದೊಡ್ಡದು ಅಂತ ಹೇಳೋಕೇ ಬರಲ್ಲ. 1550 ದೊಡ್ಡದೋ 9 ದೊಡ್ಡದೋ? 1.55 ಮೈಕ್ರೋಮೀಟರ್ ಅಂತ ಬರೆದ ಕೂಡಲೇ ತಿರುಳು ಆರು ಪಟ್ಟು ಅಗಲ ಅಂತ ಕಾಣುತ್ತದೆ. 10 ಕಿಲೋಮೀಟರ್ ಕೇಬಲ್ಲನ್ನು ಅದೇ ತಿರುಳಿನ ಅಗಲದ ಜೊತೆ ಇಟ್ಟು ನೋಡು: 10⁴ ಮೀಟರನ್ನು 9×10⁻⁶ ಮೀಟರ್‌ನಿಂದ ಭಾಗಿಸಿದರೆ ಉದ್ದ ಸುಮಾರು 110 ಕೋಟಿ ಪಟ್ಟು. ಮಾನ ಬದಲಾಯಿಸುವುದು ಪರೀಕ್ಷೆಗೆ ಮಾತ್ರ ಅಲ್ಲ, ಹೀಗೆ ಎರಡನ್ನು ಪಕ್ಕದಲ್ಲಿಟ್ಟು ನೋಡೋಕೆ.

ಈಗ ನಿನ್ನ ಸರದಿ. ಆ ಗಾಜಿನ ಎಳೆಯ ಪೂರ್ತಿ ದಪ್ಪ, ಮೇಲಿನ ಪ್ಲಾಸ್ಟಿಕ್ ಲೇಪ ಬಿಟ್ಟು, 125 ಮೈಕ್ರೋಮೀಟರ್. ಒಂದರ ಪಕ್ಕ ಒಂದು ಜೋಡಿಸಿದರೆ ಒಂದು ಮೀಟರ್ ಅಗಲಕ್ಕೆ ಎಷ್ಟು ಎಳೆ ಬೇಕು? ಕ್ಯಾಲ್ಕುಲೇಟರ್ ಬೇಡ. ಭಾನುವಾರ ಫೋನ್ ಮಾಡಿದಾಗ ಹೇಳು. ನಿನ್ನಪ್ಪ ಆಗಲೇ ಪೆನ್ನು ಹಿಡಿದು ಕೂತಿದ್ದಾರೆ, ಅವರಿಗಿಂತ ಮೊದಲು ಮಾಡು.

ನಿನ್ನ
ಅಮ್ಮ